ಮಡಿಕೇರಿಯಲ್ಲೊಬ್ಬ ಹೆಡ್‌ಮಾಸ್ಟರ್ ಇದ್ದರು

ಹಾಗ್ವಾರ್ಟ್ಸ್‌ನ ನಾಲ್ಕು ಹೌಸ್‌ಗಳ ಹೆಸರು ಹೇಳಿ ಅಂತ ನಮ್ಮ ಸೆಕೆಂಡ್ ಇಯರ್ ಕ್ಲಾಸಿನಲ್ಲಿ ಕೇಳಿದರೆ ಲಾಸ್ಟ್ ಬೆಂಚ್ ಕೂಡ ಎದ್ದು ಕೂತುಕೊಳ್ಳುತ್ತೆ. ಯಾರು ಯಾವ ಹೌಸ್‌ಗೆ ಸೇರಬೇಕು ಅನ್ನೋದರ ಮೇಲೆ ಹಾಸ್ಟೆಲಿನಲ್ಲಿ ರಾತ್ರಿ ಒಂದು ಗಂಟೆವರೆಗೂ ಜಗಳ ನಡೆದದ್ದುಂಟು. ಅದೇ ಕ್ಲಾಸಿನಲ್ಲಿ, ಮಡಿಕೇರಿಯಲ್ಲಿ ಕೂತು ಮಕ್ಕಳಿಗಾಗಿ ಮಾತಾಡುವ ಪ್ರಾಣಿಗಳನ್ನೂ ಕುಣಿಯುವ ಹಾವನ್ನೂ ಬರೆದ ಹೆಡ್‌ಮಾಸ್ಟರ್ ಒಬ್ಬರಿದ್ದರು, ಅವರ ಹೆಸರೇನು ಅಂತ ಕೇಳಿ ನೋಡಿ. "ರಸ್ಕಿನ್ ಬಾಂಡಾ?" ಅಂತ ಒಬ್ಬ ಸೀರಿಯಸ್ ಆಗಿಯೇ ಕೇಳಿದ.

ಅಲ್ಲ ಮಾರಾಯ. ಪಂಜೆ ಮಂಗೇಶರಾಯರು.

ಇದನ್ನು ಬೈಗುಳದ ಲೇಖನ ಅಂದುಕೊಳ್ಳಬೇಡಿ. ಹ್ಯಾರಿ ಪಾಟರ್ ಓದುವುದು ಬಿಟ್ಟು ಕನ್ನಡ ಓದಿ ಅಂತ ಹೇಳುವವರು ನವೆಂಬರ್ ಒಂದನೇ ತಾರೀಖು ಸ್ಟೇಜಿನ ಮೇಲೆ ಸಾಕಷ್ಟು ಸಿಗ್ತಾರೆ. ನಾವು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು, ಆ ಏಳು ಪುಸ್ತಕಗಳನ್ನೂ ಓದಿದ್ದೇವೆ, ಮತ್ತೆ ಓದುತ್ತೇವೆ. ನಾವು ಹೇಳಹೊರಟದ್ದು ಬೇರೆ. ಈ ವರ್ಷದ ರಾಜ್ಯೋತ್ಸವಕ್ಕೆ ಸಂಘದ ದುಡ್ಡು ಯಾವುದಕ್ಕೆ ಹೋಗಬೇಕು ಅನ್ನುವ ಚರ್ಚೆ ಎರಡು ಮೀಟಿಂಗ್ ಆದರೂ ಮುಗಿದಿಲ್ಲ. ಒಂದು ಕಡೆ ಆರ್ಕೆಸ್ಟ್ರಾ, ಇನ್ನೊಂದು ಕಡೆ ನಾವು ಕೆಲವರು ಮುಂದಿಟ್ಟ ಮಕ್ಕಳ ಕಥೆಯ ಯೋಜನೆ. "ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಕ್ಕಳ ಕಥೆ ಯಾಕೆ?" ಅನ್ನೋ ಪ್ರಶ್ನೆ ಬಂತು. ಮೀಟಿಂಗಿನಲ್ಲಿ ಎರಡು ನಿಮಿಷ ಸಿಕ್ಕಿತ್ತು, ಅಷ್ಟರಲ್ಲಿ ಉತ್ತರ ಮುಗಿಯಲಿಲ್ಲ. ಇಲ್ಲಿ ಹೇಳ್ತೀವಿ.

ಮೊದಲು ಮನುಷ್ಯ ಯಾರು ಅಂತ ನೋಡೋಣ. ಪಂಜೆಯವರು ಹುಟ್ಟಿದ್ದು 1874ರಲ್ಲಿ, ನೇತ್ರಾವತಿ ದಡದ ಬಂಟ್ವಾಳದಲ್ಲಿ. ಮನೆಯಲ್ಲಿ ಕೊಂಕಣಿ. ಬೀದಿಯಲ್ಲಿ ತುಳು. ಓದಿದ್ದು, ಕಲಿಸಿದ್ದು, ಬರೆದದ್ದು ಕನ್ನಡ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದರು, ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರ್ ಆದರು. 1920ರ ದಶಕದಲ್ಲಿ ಘಟ್ಟ ಹತ್ತಿ ಬಂದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಆದರು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕೊಡಗು ಬ್ರಿಟಿಷ್ ಚೀಫ್ ಕಮಿಷನರ್ ಕೈಕೆಳಗಿನ ಬೇರೆಯೇ ಪ್ರಾಂತ್ಯ. 'ಕರ್ನಾಟಕ' ಅನ್ನುವ ರಾಜ್ಯ ಮ್ಯಾಪಿನಲ್ಲೇ ಇರಲಿಲ್ಲ. ಇವತ್ತು ಎರಡು ಗಂಟೆಯ ಬಸ್ಸಿನ ದಾರಿಯಲ್ಲಿರುವ ಸುಳ್ಯವೂ ಆಗ ಬೇರೆ ಪ್ರಾಂತ್ಯ.

'ಕವಿಶಿಷ್ಯ' ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದರು. ಕವಿ ಅಲ್ಲ, ಕವಿಯ ಶಿಷ್ಯ ಅಷ್ಟೇ ಅಂತ. ಇನ್‌ಸ್ಟಾ ಬಯೋದಲ್ಲಿ ನಾವು ನಮ್ಮ ಬಗ್ಗೆ ಬರೆದುಕೊಳ್ಳುವುದನ್ನು ನೋಡಿದರೆ ಈ ಹೆಸರು ಸ್ವಲ್ಪ ಮುಜುಗರ ತರಿಸುತ್ತೆ. 1900ರ ಸುಮಾರಿಗೇ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಸಣ್ಣಕಥೆ ಬರೆದರು. ಕನ್ನಡದ ಮೊದಲ ಸಣ್ಣಕಥೆಗಾರ ಯಾರು ಅನ್ನುವ ಜಗಳ ಬಂದಾಗಲೆಲ್ಲ ಅವರ ಹೆಸರು ಬಂದೇ ಬರುತ್ತೆ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮೂರು ವರ್ಷ ಕಳೆದು, 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಒಂದು ತಾರೀಖು ಮಾತ್ರ ನಮ್ಮನ್ನು ಬಿಡ್ತಾ ಇಲ್ಲ. ಟೋಲ್ಕಿನ್ ಅವರ 'ದ ಹಾಬಿಟ್' ಲಂಡನ್ನಿನಲ್ಲಿ ಅಚ್ಚಾಗಿ ಬಂದದ್ದು 1937ರ ಸೆಪ್ಟೆಂಬರ್ 21ಕ್ಕೆ. ಅಂದರೆ ಆಕ್ಸ್‌ಫರ್ಡಿನ ಒಬ್ಬ ಮೇಷ್ಟ್ರು ಮಕ್ಕಳ ಫ್ಯಾಂಟಸಿಗೆ ಕಾಲಿಟ್ಟ ಮರುತಿಂಗಳೇ ನಮ್ಮ ಕಡೆಯ ಒಬ್ಬ ಮೇಷ್ಟ್ರು ಹೊರಟುಹೋದರು. ಆಲಿಸಳ ಕಥೆ ಬರೆದ ಲೂಯಿಸ್ ಕ್ಯಾರಲ್ ಕೂಡ ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದವರು. ಮಕ್ಕಳ ಕಥೆ ಬರೆಯೋ ಚಟ ಮೇಷ್ಟ್ರುಗಳಿಗೇ ಯಾಕೆ ಹತ್ತುತ್ತೆ ಅಂತ ಯಾರಾದರೂ ಪಿಎಚ್‌ಡಿ ಮಾಡಲಿ. ಎದುರಿಗೆ ದಿನಾ ನಲವತ್ತು ಜೊತೆ ನಿದ್ದೆಗಣ್ಣು ಕೂತಿದ್ದರೆ ಯಾರಾದರೂ ಹಾವನ್ನು ಕುಣಿಸಲೇಬೇಕಾಗುತ್ತೇನೋ.

ಹಾವು ಅಂದ ಮೇಲೆ 'ಹಾವಿನ ಹಾಡು' ನೆನಪಾಗಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಅಜ್ಜಿಯ ಬಾಯಿಂದಲೋ, ಸೆಕೆಂಡ್ ಲ್ಯಾಂಗ್ವೇಜ್ ಪುಸ್ತಕದಿಂದಲೋ ಎರಡು ಸಾಲಿನಷ್ಟು ಗೊತ್ತು. ಪೂರ್ತಿ ಓದಿ ನೋಡಿ, ಬರೀ ಮುದ್ದು ಪದ್ಯ ಅಲ್ಲ ಅದು. ಮಗು ನಾಗರಹಾವನ್ನು ಕರೆಯುತ್ತೆ, ಕೈ ಮುಗಿಯುತ್ತೆ, ಹಾಲಿನ ಆಸೆ ತೋರಿಸುತ್ತೆ, ಹೆಡೆ ಬಿಚ್ಚಿ ತೋರಿಸು ಅನ್ನುತ್ತೆ, ತಲೆಯ ಮೇಲಿನ ರತ್ನದ ವಿಷಯ ವಿಚಾರಿಸುತ್ತೆ. ಪ್ರತಿ ನುಡಿಯ ಕೊನೆಗೂ ಒಂದೇ ಅಕ್ಷರದ ಮಾತು ಮತ್ತೆ ಮತ್ತೆ, ಪುಂಗಿ ಊದಿದ ಹಾಗೆ. ಕೊನೆಗೆ ಬರುವ ಹೊತ್ತಿಗೆ ಮಗುವಿಗೆ ಬುದ್ಧಿ ಬಂದಿರುತ್ತೆ: ಮೈ ತಣ್ಣಗಿದ್ದರೂ ಇದರ ಒಳಗೆ ಬೇರೆಯೇ ಇದೆ, ದೊಡ್ಡ ನಮಸ್ಕಾರ, ಹೋಗಿ ಬಾ. ಕರೆಯುವುದರಲ್ಲಿ ಶುರುವಾಗಿ ಕಳಿಸುವುದರಲ್ಲಿ ಮುಗಿಯುತ್ತೆ. ಆಸೆ, ಖುಷಿ, ಹೆದರಿಕೆ ಮೂರೂ ಇಷ್ಟು ಸಣ್ಣ ಜಾಗದಲ್ಲಿ. ಬೆಸಿಲಿಸ್ಕ್ ಬಗ್ಗೆ ಒಂದು ದಪ್ಪ ಪುಸ್ತಕ ಓದಿದವರು ನಾವು, ಅದಕ್ಕಿಂತ ಇದು ಕಡಿಮೆ ಏನಲ್ಲ ಅಂತ ಹೇಳೋಕೆ ನಮಗೆ ಹಕ್ಕಿದೆ.

ಇನ್ನೊಂದು 'ತೆಂಕಣ ಗಾಳಿಯಾಟ'. ಕರಾವಳಿಯ ಗಾಳಿ ಅದು, ಆದರೆ ಜೂನ್ ತಿಂಗಳಲ್ಲಿ ನಮ್ಮ ಹಾಸ್ಟೆಲಿನ ಕಿಟಕಿ ಬಡಿಯುವುದೂ ಅದರದೇ ಅಣ್ಣನೋ ತಮ್ಮನೋ ಇರಬೇಕು. ಅದರಲ್ಲಿ ಗಾಳಿ ಬೀಸುವುದಿಲ್ಲ, ಆಡುತ್ತೆ, ಅದೂ ಒಬ್ಬ ತುಂಟ ಹುಡುಗನ ಹಾಗೆ. ಆ ಪದ್ಯವನ್ನು ಸಂಘದ ಒಬ್ಬರು ಟೆಕ್ಸ್ಟ್ ಟು ಸ್ಪೀಚ್ ಸಾಫ್ಟ್‌ವೇರಿಗೆ ಕೊಟ್ಟು ಓದಿಸಿದರು. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಅಂತ ಅನೌನ್ಸ್ ಮಾಡಿದ ಹಾಗಿತ್ತು. ಸದ್ದನ್ನೇ ಪದ ಮಾಡಿ ಬರೆದದ್ದನ್ನು ಆ ಮೆಷಿನ್ನಿಗೆ ಓದಲು ಬರಲಿಲ್ಲ. ನಮ್ಮ ಸೀನಿಯರ್ ಒಬ್ಬರು, ಸಿವಿಲ್ ಬ್ರಾಂಚು, ಎದ್ದು ನಿಂತು ಬಾಯಲ್ಲೇ ಓದಿದಾಗ ಗಾಳಿ ಬಂತು.

ಕಥೆಗಳ ಹೆಸರುಗಳೇ ಸಾಕು. 'ಗುಡುಗುಡು ಗುಮ್ಮಟ ದೇವರು', 'ಇಲಿಗಳ ಥಕಥೈ', 'ಹೇನು ಸತ್ತು ಕಾಗೆ ಬಡವಾಯಿತು', 'ಸಿಗಡಿ ಯಾಕೆ ಒಣಗಲಿಲ್ಲ'. ಈ ಕೊನೆಯದನ್ನು ಇಂಜಿನಿಯರಿಂಗ್ ಸಿಲಬಸ್ಸಿಗೆ ಹಾಕಬೇಕು ಅನ್ನೋದು ನಮ್ಮ ನಿಜವಾದ ಅಭಿಪ್ರಾಯ. ಒಣಗಿಸಲು ಹಾಕಿದ ಸಿಗಡಿ ಒಣಗಿಲ್ಲ. ಯಾಕಪ್ಪಾ ಅಂತ ಕೇಳಿದರೆ ಅದು ಇನ್ನೊಂದರ ಕಡೆ ಬೊಟ್ಟು ಮಾಡುತ್ತೆ. ಅದನ್ನು ಕೇಳಿದರೆ ಅದು ಮತ್ತೊಂದರ ಕಡೆ. ಹೀಗೆ ತಪ್ಪು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತೆ. ಫೇಲ್ಯೂರ್ ಅನಾಲಿಸಿಸ್ ಅಂತ ಪಾಠ ಮಾಡುವಾಗ 'ಐದು ಸಲ ಯಾಕೆ ಅಂತ ಕೇಳಿ' ಅನ್ನುತ್ತಾರಲ್ಲ, ಜಪಾನಿನ ಕಾರ್ ಕಂಪನಿಯ ಹೆಸರು ಹೇಳಿ? ನಮ್ಮ ಅಜ್ಜಿಯಂದಿರ ಕಥೆಯಲ್ಲಿ ಐದಕ್ಕೆ ನಿಲ್ಲಿಸುವ ಅಭ್ಯಾಸವೇ ಇರಲಿಲ್ಲ. ಗ್ರೂಪ್ ಪ್ರಾಜೆಕ್ಟಿನಲ್ಲಿ ಕೋಡ್ ಓಡದಿದ್ದಾಗ ನಾಲ್ಕೂ ಜನ ಆಡುವ ಮಾತು ಬರೆದಿಟ್ಟರೆ ಅದೇ ಕಥೆ ಆಗುತ್ತೆ.

ಈಗ ವಾದಕ್ಕೆ ಬರೋಣ. ಮೀಟಿಂಗಿನಲ್ಲಿ ಬಂದ ಆಕ್ಷೇಪಗಳು ಹಗುರವಾದವಲ್ಲ.

ಒಬ್ಬರು ಹೇಳಿದ್ದು: ಪಂಜೆಯವರ ಎಷ್ಟೋ ಕಥೆ ಸ್ವಂತದ್ದಲ್ಲ, 'ಮೂರು ಕರಡಿಗಳು' ಇಂಗ್ಲಿಷಿನದು, 'ಕೋಟಿ ಚೆನ್ನಯ' ತುಳು ಪಾಡ್ದನದ್ದು, ಉಳಿದದ್ದು ಜನಪದರದ್ದು. ರೌಲಿಂಗ್ ಹಾಗೆ ಒಂದು ಲೋಕವನ್ನೇ ಕಟ್ಟಿದವರಲ್ಲ. ಒಪ್ಪಿದ್ವಿ. ಆದರೆ ಮೂರು ಕರಡಿಗಳ ಕಥೆಯ ಹಿಂದೆ ಹೋಗಿ ನೋಡಿ. 1837ರಲ್ಲಿ ರಾಬರ್ಟ್ ಸದಿ ಅಚ್ಚು ಹಾಕಿಸಿದಾಗ ಕರಡಿಗಳ ಮನೆಗೆ ನುಗ್ಗಿದ್ದು ಚಿನ್ನದ ಕೂದಲಿನ ಹುಡುಗಿ ಅಲ್ಲ, ಒಬ್ಬ ಮುದುಕಿ. ಆಮೇಲೆ ಹೇಳಿದವರು ಮುದುಕಿಯನ್ನು ಹುಡುಗಿ ಮಾಡಿದರು. ಇಂಗ್ಲಿಷಿನವರು ಬದಲಿಸಿದರೆ ಕ್ಲಾಸಿಕ್, ನಮ್ಮವರು ಕನ್ನಡಕ್ಕೆ ತಂದರೆ ಕಾಪಿ? ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕೂಡ ಬ್ರೌನಿಂಗ್ ಕವನದಿಂದ ಬಂದದ್ದೇ, ಆದರೂ ಜರ್ಮನಿಯ ಹ್ಯಾಮೆಲಿನ್ ಊರು ನಮಗೆ ನೆನಪಿರೋದಿಲ್ಲ, ಬೊಮ್ಮನಹಳ್ಳಿ ನೆನಪಿರುತ್ತೆ. ಓಪನ್ ಸೋರ್ಸ್ ಕೋಡ್ ಫೋರ್ಕ್ ಮಾಡಿ ರೆಸ್ಯೂಮೆಯಲ್ಲಿ ಹಾಕಿಕೊಳ್ಳುವ ನಾವು ಈ ಆಕ್ಷೇಪ ಎತ್ತಲೇಬಾರದು.

ಅದೂ ಅಲ್ಲದೆ ತುಳುವಿನ ಕೋಟಿ ಚೆನ್ನಯರ ಕಥೆ ಇಂದು ತುಳು ಗೊತ್ತಿಲ್ಲದ ಕನ್ನಡದ ಮಕ್ಕಳಿಗೂ ಗೊತ್ತಿರುವುದಕ್ಕೆ ಪಂಜೆಯವರು ಅದನ್ನು ಗದ್ಯದಲ್ಲಿ ಹೇಳಿದ್ದೂ ಒಂದು ಕಾರಣ. ಬಾಯಿಂದ ಬಾಯಿಗೆ ಹಾಡಿಕೊಂಡು ಬಂದದ್ದನ್ನು ಮಗು ಕೈಯಲ್ಲಿ ಹಿಡಿಯುವ ಪುಸ್ತಕ ಮಾಡೋದು ಸಣ್ಣ ಕೆಲಸ ಅಲ್ಲ.

ಎರಡನೇ ಆಕ್ಷೇಪ ನಮ್ಮ ಕೊಡಗಿನ ಗೆಳೆಯರದ್ದೇ, ಇದು ಗಟ್ಟಿ ಇದೆ. ಸಂಘದಲ್ಲಿ ಅರ್ಧದಷ್ಟು ಜನ ಈ ಜಿಲ್ಲೆಯವರು. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳ, ತುಳು, ಬ್ಯಾರಿ. "ನಮ್ಮ ನಾಡಿನ ಹಾಡು ಅಂತ ಎಲ್ಲ ಫಂಕ್ಷನ್ನಿನಲ್ಲೂ ಪಂಜೆಯವರ 'ಹುತ್ತರಿ ಹಾಡು' ಹಾಡಿಸ್ತೀರಿ. ಬರೆದವರು ಕೆಳಗಿನಿಂದ ಬಂದವರು, ಭಾಷೆ ಕನ್ನಡ. ನಮ್ಮ ಹುತ್ತರಿಗೆ ನಮ್ಮ ಭಾಷೆಯಲ್ಲಿ ಪಾಟ್ ಇಲ್ವಾ?" ಅಂತ ಒಬ್ಬಳು ಕೇಳಿದಳು. ರೂಮು ಸ್ವಲ್ಪ ಹೊತ್ತು ಸುಮ್ಮನಾಯಿತು.

ಇದೆ. ಖಂಡಿತ ಇದೆ. ಪಂಜೆಯವರಿಗಿಂತ ಒಂದೇ ವರ್ಷ ಚಿಕ್ಕವರಾದ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು, ಹಬ್ಬ-ಮದುವೆ-ಸಾವಿನ ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಪೊಲೀಸ್ ಕೆಲಸದಲ್ಲಿದ್ದ ಮನುಷ್ಯ, ಹಾಡು ಸಂಗ್ರಹಿಸಿದರು. ಹಾಡುಗಳು ಕೊಡವ ಭಾಷೆಯಲ್ಲಿ, ಲಿಪಿ ಕನ್ನಡ. ಹರದಾಸ ಅಪ್ಪಚ್ಚ ಕವಿಗಳು ಕೊಡವದಲ್ಲೇ ನಾಟಕ ಬರೆದರು. ಅಂದರೆ 1920ರ ದಶಕದ ಈ ಪುಟ್ಟ ಪ್ರಾಂತ್ಯದಲ್ಲಿ ಒಬ್ಬರು ಕೊಡವದ ಹಾಡು ಕೂಡಿಡುತ್ತಿದ್ದರು, ಇನ್ನೊಬ್ಬರು ಅದೇ ಬೆಟ್ಟಗಳನ್ನು ನೋಡಿ ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದರು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ನಮ್ಮನ್ನು ಯಾರೂ ಕೇಳಿಲ್ಲ. ಹುತ್ತರಿಯ ರಾತ್ರಿ ಹೊಸ ಕದಿರು ಕೊಯ್ಯುವಾಗ, ಗುಂಡು ಹಾರಿಸಿ 'ಪೊಲಿ ಪೊಲಿ ದೇವಾ' ಅಂತ ಕೂಗುವಾಗ ಕೊಡವ. ಸ್ಟೇಜಿನ ಮೇಲೆ ನಿಂತಾಗ ಪಂಜೆ. ಸ್ಟೇಜಿನ ಮೇಲೂ ಕೊಡವ ಪಾಟ್ ಬರಲಿ ಅನ್ನುವ ಅವಳ ಮಾತಿಗೆ ನಮ್ಮ ಪೂರ್ತಿ ವೋಟು.

ಇನ್ನೊಂದು ಮಾತು, ಬೈಸಿಕೊಳ್ಳೋಕೆ ರೆಡಿಯಾಗಿಯೇ ಹೇಳ್ತೀವಿ. 'ಹುತ್ತರಿ ಹಾಡು' ಪಂಜೆಯವರ ಅತ್ಯುತ್ತಮ ಪದ್ಯ ಅಲ್ಲ. ಗಂಭೀರವಾಗಿದೆ, ನಡೆ ಚೆನ್ನಾಗಿದೆ, 'ಎಲ್ಲಿ' ಅಂತ ಪ್ರಶ್ನೆ ಕೇಳಿ ಕೇಳಿ ಕೊಡಗಿನ ಕಡೆ ಕೈ ತೋರಿಸುವ ಜಾಗದಲ್ಲಿ ಮೈ ಜುಮ್ಮೆನ್ನುತ್ತೆ. ಆದರೆ ಅದು ದೊಡ್ಡವರಿಗೆ ಎದ್ದು ನಿಲ್ಲೋಕೆ ಬರೆದ ಹಾಡು. ಮಕ್ಕಳಿಗೆ ಬರೆದಾಗ ಅವರು ಇನ್ನೂ ದೊಡ್ಡ ಕವಿ. ಕೊಡಗಿನಲ್ಲಿ ಪಂಜೆ ಅಂದರೆ ಒಂದೇ ಹಾಡು ಅಂತ ಆಗಿರೋದರಿಂದ ಅವರು ಫೋಟೋಗೆ ಹಾರ ಹಾಕುವ ಕವಿಯಾಗಿ ಉಳಿದರು. ಕಾಗೆ, ಹೇನು, ಸಿಗಡಿಗಳ ಪಂಜೆ ಘಟ್ಟದ ಕೆಳಗೇ ಉಳಿದುಹೋದರು.

ಮೂರನೇ ಆಕ್ಷೇಪ ನಮ್ಮ ಒಳಗಿನದ್ದೇ. ನಮ್ಮ ಕನ್ನಡವೇ ಅಷ್ಟಕ್ಕಷ್ಟೆ. ಫಸ್ಟ್ ಇಯರ್‌ನಲ್ಲಿ ವಿಟಿಯು ಕೊಡುವ 'ಸಾಂಸ್ಕೃತಿಕ ಕನ್ನಡ' ಒಂದು ಕ್ರೆಡಿಟ್, 'ಬಳಕೆ ಕನ್ನಡ' ಇನ್ನೊಂದು ಗುಂಪಿಗೆ ಒಂದು ಕ್ರೆಡಿಟ್. ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದವರು, ಮನೆಮಾತೇ ಬೇರೆ ಇರುವವರು, ಮಕ್ಕಳಿಗೆ ಕನ್ನಡ ಕಥೆ ಹೇಳೋಕೆ ಹೋದರೆ ನಗ್ತಾರೆ ಅಂತ. ಇದಕ್ಕೆ ಉತ್ತರ ಕೊಡಬೇಕಾದವರು ಪಂಜೆಯವರೇ. ಅವರ ಮನೆಮಾತೂ ಕನ್ನಡ ಆಗಿರಲಿಲ್ಲ. ಬೇಂದ್ರೆ ಮನೆಯಲ್ಲಿ ಮರಾಠಿ, ಮಾಸ್ತಿ ಮನೆಯಲ್ಲಿ ತಮಿಳು. ಕನ್ನಡದ ಒಳ್ಳೆಯ ಪುಸ್ತಕಗಳಲ್ಲಿ ಒಂದು ದೊಡ್ಡ ಪಾಲು ಮನೆಯ ಹೊರಗೆ ಕನ್ನಡ ಕಲಿತವರದ್ದು. ಮನೆಮಾತು ಬೇರೆ ಅನ್ನುವ ನೆಪ ಇಲ್ಲಿ ನಡೆಯಲ್ಲ. ಇಂಗ್ಲಿಷ್ ಮೀಡಿಯಂ ಅನ್ನುವುದೂ ಅಷ್ಟೆ. ಅವರು ಇಂಗ್ಲಿಷ್ ಚೆನ್ನಾಗಿ ಓದಿಕೊಂಡವರು. ಅಲ್ಲಿ ಸಿಕ್ಕಿದ್ದನ್ನು ಈ ಕಡೆ ಹೊತ್ತು ತಂದರು. ನಾವು ಓದುತ್ತೇವೆ, ತರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟಕ್ಕೂ ತರೋಕೆ, ಕಟ್ಟೋಕೆ ಸಾಮಾನು ಇಲ್ಲವೇ? ಈ ಜಿಲ್ಲೆಯಲ್ಲಿ ಫ್ಯಾಂಟಸಿಗೆ ಬರವಾ? ಕಾವೇರಿಯ ಕಥೆ ನೋಡಿ. ಅಗಸ್ತ್ಯ ಮುನಿ ಹೆಂಡತಿಯನ್ನು ಕಮಂಡಲದಲ್ಲಿ ಹಿಡಿದಿಟ್ಟು ಹೋಗ್ತಾನೆ, ಅವಳು ಹೊಳೆಯಾಗಿ ಹರಿದು ಹೊರಟೇಬಿಡ್ತಾಳೆ. ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆ ಬಲಮುರಿಯಲ್ಲಿ ನೀರಿನ ರಭಸಕ್ಕೆ ಹಿಂದಕ್ಕೆ ತಿರುಗುತ್ತೆ. ಅದಕ್ಕೇ ಕೊಡವತಿಯರು ಇವತ್ತಿಗೂ ನೆರಿಗೆ ಹಿಂದೆ ಹಾಕುವುದು. ಒಂದು ನದಿ ಗಂಡನನ್ನು ಬಿಟ್ಟು ಹೋಯಿತು, ದಾರಿಯಲ್ಲಿ ಒಂದು ಇಡೀ ನಾಡಿನ ಸೀರೆ ಉಡುವ ರೀತಿ ಬದಲಾಯಿತು! ಯಾವ ಸ್ಟುಡಿಯೋ ಇದನ್ನು ಸಿನಿಮಾ ಮಾಡಲಿಲ್ಲ ಅನ್ನೋದೇ ಆಶ್ಚರ್ಯ. ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಕುಡಿಯುತ್ತಾರೆ, ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತೆ ಅಂತ ನಂಬಿಕೆ. ಬಣ್ಣ ಗಾಢ ನೇರಳೆ. ಮರುದಿನ ಬಾತ್‌ರೂಮಿಗೆ ಹೋದ ಹೊರಗಿನ ಜಿಲ್ಲೆಯ ಹುಡುಗರು ಹೆದರಿ ಡಾಕ್ಟರ್ ನಂಬರ್ ಕೇಳ್ತಾರೆ. ಪೋಷನ್ಸ್ ಕ್ಲಾಸ್ ಅಂದರೆ ಇದೇ ಅಲ್ವಾ? ಹತ್ತಡಿ ಮುಂದೆ ಕಾಣದ ಮಂಜು, ಕಾಫಿ ತೋಟಕ್ಕೆ ರಾತ್ರಿ ಇಳಿಯುವ ಆನೆ, ಸಾಕ್ಸಿನೊಳಗೆ ಸದ್ದಿಲ್ಲದೆ ಸೇರುವ ಜಿಗಣೆ. ನಮ್ಮ ಊಹೆಯಲ್ಲಿ ಹಿಮ ಬೀಳುತ್ತೆ, ಗೂಬೆ ಕಾಗದ ತರುತ್ತೆ; ಜಿಗಣೆಗೆ ಮಾತ್ರ ಇನ್ನೂ ಒಂದು ಡೈಲಾಗ್ ಸಿಕ್ಕಿಲ್ಲ. ಪಂಜೆಯವರು ಹೇನಿಗೆ ಕಥೆ ಕೊಟ್ಟರು ಅನ್ನುವುದನ್ನು ಮರೀಬೇಡಿ.

ಈಗ ನಾವು ಮಾಡಿದ ಒಂದು ಸಣ್ಣ ಪ್ರಯೋಗದ ವಿಷಯ. ಹೋದ ಸೆಮಿಸ್ಟರಿನಲ್ಲಿ ಕ್ಯಾಂಪಸ್ಸಿನ ಹತ್ತಿರದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾಲ್ಕು ಶನಿವಾರ ಹೋದೆವು. ಹೆಚ್ಚಿನ ಮಕ್ಕಳು ತೋಟದ ಲೈನ್‌ಮನೆಗಳಿಂದ ಬರುವವರು. ಯರವರ ಮಕ್ಕಳು, ಕುರುಬರ ಮಕ್ಕಳು, ತಮಿಳಿನವರು, ಈಚೆಗೆ ಬಂದ ಅಸ್ಸಾಮಿನ ಕೆಲಸದವರ ಇಬ್ಬರು. ಇಡೀ ಕೋಣೆಯಲ್ಲಿ ಕನ್ನಡ ಮನೆಮಾತಾದ ಮಗು ಬಹುಶಃ ಒಂದೂ ಇರಲಿಲ್ಲ, ಮತ್ತು ಎಲ್ಲ ಮಕ್ಕಳಿಗೂ ಒಬ್ಬರಿಗೊಬ್ಬರು ಮಾತಾಡೋಕೆ ಇದ್ದ ಭಾಷೆ ಕನ್ನಡ ಒಂದೇ. ಇದನ್ನು ನಿಧಾನವಾಗಿ ಮತ್ತೊಮ್ಮೆ ಓದಿ, ಯಾಕೆಂದರೆ ನಮಗೂ ಅಲ್ಲಿ ಕೂತಾಗಲೇ ಇದು ಹೊಳೆದದ್ದು.

ಸಿಗಡಿಯ ಕಥೆ ಹೇಳಿದೆವು. ಬೆಟ್ಟದ ಮಕ್ಕಳಿಗೆ ಸಿಗಡಿ ಅಂದರೇನು ಗೊತ್ತಿರುತ್ತೆ ಅಂತ ನಾವು ಚಿತ್ರ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ವಿ. ಚಿತ್ರ ಬೇಕಾಗಲೇ ಇಲ್ಲ. ಸಂತೆಯಲ್ಲಿ ಒಣ ಸಿಗಡಿ ರಾಶಿ ಹಾಕಿ ಮಾರುತ್ತಾರಲ್ಲ, ಅದರ ವಾಸನೆ ಸಮೇತ ಅವರಿಗೆ ಗೊತ್ತು. ಕಥೆ ಅರ್ಧಕ್ಕೆ ಬರುವ ಹೊತ್ತಿಗೆ ಸರಪಳಿ ನಮ್ಮ ಕೈತಪ್ಪಿತು. ಒಬ್ಬ ಹುಡುಗ ನಡುವೆ ಆನೆ ತಂದ. ಇನ್ನೊಬ್ಬಳು ಆನೆ ಯಾಕೆ ಬಂತು ಅಂತ ಕೇಳಿದಳು. ಕಾಡಿನಲ್ಲಿ ನೀರಿಲ್ಲ. ನೀರು ಯಾಕಿಲ್ಲ? ಮಳೆ ಬರಲಿಲ್ಲ. ಮಳೆ ಯಾಕೆ ಬರಲಿಲ್ಲ? ಅಲ್ಲಿಗೆ ಅವರೂ ನಿಂತರು, ನಾವೂ ನಿಂತೆವು. ಆಮೇಲೆ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ: "ಮಳೆಗೆ ಹುಷಾರಿಲ್ಲ."

ನಾಲ್ಕನೇ ಶನಿವಾರಕ್ಕೆ ಇಂಟರ್ನಲ್ಸ್ ಬಂತು, ನಿಲ್ಲಿಸಿದೆವು. ಶಾಲೆಯ ಟೀಚರ್ ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮಕ್ಕಳು ಕೇಳ್ತಾ ಇದ್ದಾರೆ, ಬರೋದಾದ್ರೆ ಈ ವರ್ಷವೇ ಬನ್ನಿ" ಅಂದರು. ಯಾಕೆ ಈ ವರ್ಷವೇ ಅಂತ ಕೇಳಿದ್ದಕ್ಕೆ, ಮಕ್ಕಳ ಸಂಖ್ಯೆ ಕಡಿಮೆ ಆಗ್ತಾ ಇದೆ, ಮುಂದಿನ ವರ್ಷ ಈ ಶಾಲೆಯನ್ನು ಇನ್ನೊಂದಕ್ಕೆ ಸೇರಿಸಬಹುದು ಅನ್ನೋ ಮಾತಿದೆ ಅಂದರು. ಆ ಇನ್ನೊಂದು ಶಾಲೆಗೆ ತೋಟದಿಂದ ನಡೆದು ಹೋಗೋಕೆ ಆಗಲ್ಲ. ಆನೆ ಇರುವ ದಾರಿ.

ಆರ್ಕೆಸ್ಟ್ರಾ ಬೇಡ ಅನ್ನುತ್ತಿಲ್ಲ. ಕುಣಿಯೋದು ನಮಗೂ ಇಷ್ಟ, ಕಳೆದ ವರ್ಷದ ವಿಡಿಯೋದಲ್ಲಿ ಮುಂದಿನ ಸಾಲಿನಲ್ಲಿ ನಾವೇ ಇದ್ದೇವೆ. ಆದರೆ ಸೌಂಡ್ ಸಿಸ್ಟಮ್ಮಿನ ಬಾಡಿಗೆಯ ಅರ್ಧ ದುಡ್ಡಿನಲ್ಲಿ ಏನೇನು ಆಗುತ್ತೆ ಅಂತ ಲೆಕ್ಕ ಹಾಕಿದ್ದೇವೆ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ, ಅವರು ಬದುಕಿದ್ದಾಗ ಅಚ್ಚಾದ ಬರಹದ ಮೇಲೆ ಕಾಪಿರೈಟ್ ಇರೋದಿಲ್ಲ. ಪಂಜೆಯವರು ತೀರಿಕೊಂಡು ಅದಕ್ಕಿಂತ ಎಷ್ಟೋ ಹೆಚ್ಚಾಯಿತು. ಅವರ ಕಥೆಗಳನ್ನು ಟೈಪ್ ಮಾಡಿ ಹಂಚಬಹುದು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಬಹುದು, ನಮ್ಮ ಸೀನಿಯರಿನ ಗಾಳಿಯ ದನಿಯನ್ನು ರೆಕಾರ್ಡ್ ಮಾಡಬಹುದು, ಯಾರ ಪರ್ಮಿಷನ್ನೂ ಬೇಡ. ಹಳೆಯ ಅಚ್ಚಿನ ಪುಟಗಳನ್ನು ಓದೋಕೆ ಕನ್ನಡದ ಒಸಿಆರ್ ಇನ್ನೂ ಒದ್ದಾಡುತ್ತೆ, ಒತ್ತಕ್ಷರ ಬಂದಲ್ಲಿ ಎಡವುತ್ತೆ. ಕಂಪ್ಯೂಟರ್ ಸೈನ್ಸಿನವರಿಗೆ ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಸಿಗ್ತಾ ಇಲ್ಲ ಅಂತ ಅಳುವವರು ಇದನ್ನು ಎತ್ತಿಕೊಳ್ಳಿ. ಅಟೆಂಡೆನ್ಸ್ ಸಿಸ್ಟಮ್ ಮಾಡಿದ್ದು ಸಾಕು.

2014ರ ಜನವರಿಯಲ್ಲಿ ಮಡಿಕೇರಿಯಲ್ಲೇ ಸಾಹಿತ್ಯ ಸಮ್ಮೇಳನ ಆಯಿತು, ನಮಗಾಗ ಏಳೆಂಟು ವರ್ಷ. ಅಧ್ಯಕ್ಷರಾಗಿದ್ದವರು ನಾ. ಡಿಸೋಜ, ಅವರೂ ಮಕ್ಕಳಿಗಾಗಿ ಬರೆದವರು. ಘಟ್ಟ ಇಳಿದರೆ ಪುತ್ತೂರಿನಲ್ಲಿ ಕಾರಂತರ ಬಾಲವನ ಇದೆ. ಕಾದಂಬರಿ ಬರೆಯುವ ಕೈಯಲ್ಲೇ ಅವರು ಮಕ್ಕಳಿಗೆ 'ಬಾಲಪ್ರಪಂಚ' ಬರೆದರು. ಕನ್ನಡದ ದೊಡ್ಡವರು ಯಾರೂ ಮಕ್ಕಳಿಗೆ ಬರೆಯುವುದನ್ನು ಕೆಳದರ್ಜೆಯ ಕೆಲಸ ಅಂದುಕೊಂಡಿರಲಿಲ್ಲ. ಹಾಗೆ ಅಂದುಕೊಳ್ಳೋದನ್ನು ನಾವು ಎಲ್ಲಿಂದ ಕಲಿತೆವೋ.

ಮುಂದಿನ ಮೀಟಿಂಗ್ ಗುರುವಾರ ನಾಲ್ಕೂವರೆಗೆ, ಡ್ರಾಯಿಂಗ್ ಹಾಲ್ ಪಕ್ಕದ ರೂಮಿನಲ್ಲಿ. ಹನ್ನೆರಡು ಶನಿವಾರಗಳ ಪಟ್ಟಿ ಮಾಡಿದ್ದೇವೆ, ಪ್ರತಿ ವಾರ ಮೂರು ಜನ ಸಾಕು. ಕೊಡವ ಪಾಟ್ ಹಾಡುವವಳು ಮೊದಲ ವಾರಕ್ಕೆ ಹೆಸರು ಕೊಟ್ಟಾಗಿದೆ. ಎರಡನೇ ವಾರಕ್ಕೆ ಜಿಗಣೆಯ ಕಥೆ ಬರೆದುಕೊಂಡು ಬರುವವರು ಬೇಕು. ನಮ್ಮ ಕನ್ನಡ ಸರಿ ಇಲ್ಲ ಅನ್ನುವವರಿಗೆ ಹಿಂದಿನ ಸಾಲಿನಲ್ಲಿ ಜಾಗ ಇದೆ. ಆ ಮಕ್ಕಳು ತಿದ್ದುತ್ತಾರೆ, ನಮ್ಮದನ್ನೂ ತಿದ್ದಿದ್ದಾರೆ.